ಮಗುಚಿದ ಮುಚ್ಚಳ

ಗ್ಲೇಜಮ್ಮನ ಗಂಡ ತೀರಿಕೊಂಡ ಮೇಲೆ ಆ ಕುಟುಂಬದಲ್ಲಿ ಎದ್ದ ಮೊದಲ ಜಗಳ ಆಸ್ತಿಯದ್ದಲ್ಲ, ಬೆಂಕಿಯದ್ದು.

ಗಂಡ ಮಣ್ಣಿನ ಪಾತ್ರೆ ಮಾಡುವ ಶೆಡ್ ಇಟ್ಟುಕೊಂಡಿದ್ದವನು. ತಿರುಗುವ ತಿಗರಿಯ ಮೇಲೆ ಮಣ್ಣಿನಿಂದ ಪಾತ್ರೆ ಎತ್ತುವವರು ಅವನು ಮತ್ತು ಅವನ ತಮ್ಮ. ಅವಕ್ಕೆ ಗ್ಲೇಜ್ ಕೊಡುವವಳು ಇವಳು. ಗ್ಲೇಜ್ ಎಂದರೆ ಬೂದಿ, ಜೇಡಿಮಣ್ಣು, ಕಲ್ಲಿನ ಪುಡಿಗಳನ್ನು ನೀರಲ್ಲಿ ಕಲಸಿದ ತೆಳು ಗಂಜಿ. ಪಾತ್ರೆಯನ್ನು ಅದರಲ್ಲಿ ಅದ್ದಿ ಆವಿಗೆಯಲ್ಲಿ ಸುಟ್ಟರೆ ಮೈಮೇಲೆ ಗಾಜಿನ ಹಾಗೆ ಕರಗಿ ಕೂರುತ್ತದೆ. ಅದೇ ಕೆಲಸ ಮಾಡುತ್ತಾ ಮಾಡುತ್ತಾ ಅವಳಿಗೆ ಗ್ಲೇಜಮ್ಮ ಎಂಬ ಹೆಸರು ಅಂಟಿಕೊಂಡಿತು. ದೀಕ್ಷಾಸ್ನಾನದ ದಿನ ಇಟ್ಟ ಹೆಸರು ಬೇರೆ ಇದೆ. ಅದನ್ನು ಫಾದರ್ ಕೂಡ ಮರೆತಿದ್ದಾರೆ.

ಗಂಡ ತಿಗರಿಯ ಮುಂದೆ ಕೂತಿದ್ದಾಗಲೇ ಹೃದಯ ನಿಂತು ಸತ್ತ. ಬಟ್ಟಲೊಂದನ್ನು ಎತ್ತಿ ಮುಗಿಸಿ, ದಾರದಿಂದ ಬುಡ ಕತ್ತರಿಸಿ, ಹಲಗೆಯ ಮೇಲಿಟ್ಟು, ಕೈ ಒರೆಸಿಕೊಂಡು ಸತ್ತದ್ದರಿಂದ ಬಟ್ಟಲಿಗೆ ಏನೂ ಆಗಲಿಲ್ಲ.

ತನ್ನನ್ನು ಸುಡಬೇಕು ಎಂದು ಅವನು ಬದುಕಿದ್ದಾಗ ಹತ್ತಾರು ಸಲ ಹೇಳಿದ್ದ. "ಸುಡದ ಮಣ್ಣು ನೀರು ಬಿದ್ದರೆ ಕರಗಿ ಹೋಗುತ್ತೆ. ಸುಟ್ಟಿದ್ದು ಉಳಿಯುತ್ತೆ. ನನ್ನನ್ನ ಹಸಿಯಾಗಿ ಹೂಳಬೇಡಿ" ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು. ಗ್ಲೇಜಮ್ಮ ನಗುತ್ತಿರಲಿಲ್ಲ. ಇಪ್ಪತ್ತು ವರ್ಷ ಆವಿಗೆಯ ಮುಂದೆ ಕೂತವಳಿಗೆ ಆ ಮಾತಿನಲ್ಲಿ ತಮಾಷೆ ಏನಿದೆ ಎಂದು ಹೊಳೆದಿರಲಿಲ್ಲ.

ಸತ್ತವನ ಅಕ್ಕನಿಗೆ, ಎಲ್ಲರೂ ದೊಡ್ಡಕ್ಕ ಎನ್ನುವ ಹೆಂಗಸಿಗೆ, ಇದು ಸುತರಾಂ ಒಪ್ಪಿಗೆ ಇರಲಿಲ್ಲ. ದೊಡ್ಡಕ್ಕ ದಿನಾ ಬೆಳಿಗ್ಗೆ ಪೂಜೆಗೆ ಹೋಗುವವಳು. ಚರ್ಚಿನಲ್ಲಿ ಅವಳು ಕೂರುವ ಜಾಗದಲ್ಲಿ ಇನ್ನೊಬ್ಬರು ಕೂತರೆ ಎದ್ದು ಹೋಗುವವರೆಗೆ ಪಕ್ಕದಲ್ಲಿ ನಿಂತಿರುತ್ತಾಳೆ.

"ಕಡೆಯ ದಿನ ತುತ್ತೂರಿ ಊದಿದಾಗ ಎಲ್ಲರೂ ಗೋರಿಯಿಂದ ಎದ್ದು ಬರ್ತಾರೆ" ಎಂದಳು. "ನನ್ನ ತಮ್ಮ ಎಲ್ಲಿಂದ ಬರ್ತಾನೆ? ಚಿಮಣಿಯಿಂದಲಾ?"

"ಅಣ್ಣ ಯಾವತ್ತು ಕರೆದ ಕೂಡಲೇ ಎದ್ದಿದ್ದಾನೆ, ಹೇಳಕ್ಕಾ" ಎಂದ ಗ್ಲೇಜಮ್ಮನ ಮೈದುನ.

"ನೀನು ಬಾಯ್ಮುಚ್ಚು."

ಮೂವರೂ ಫಾದರ್ ಹತ್ತಿರ ಹೋದರು. ಫಾದರ್ ಕನ್ನಡಕ ಒರೆಸಿಕೊಂಡು, ಚರ್ಚು ಈಗ ದಹನ ಬೇಡ ಎನ್ನುವುದಿಲ್ಲ, ಹೂಳುವುದೇ ಒಳ್ಳೆಯದು ಎನ್ನುತ್ತದೆ ಅಷ್ಟೇ ಎಂದು ವಿವರಿಸಿದರು. "ಪುನರುತ್ಥಾನಕ್ಕೆ ಅದರಿಂದ ಅಡ್ಡಿ ಇಲ್ಲ. ಮೊದಲನೇ ಸಲ ಮಣ್ಣಿನಿಂದ ಮಾಡಿದವನಿಗೆ ಎರಡನೇ ಸಲ ಬೂದಿಯಿಂದ ಮಾಡೋದು ಕಷ್ಟ ಆಗಲ್ಲ."

ದೊಡ್ಡಕ್ಕ ಫಾದರ್ ಮಾತಿಗೆ ಎದುರಾಡಲಿಲ್ಲ. ಮುಖ ಮಾತ್ರ ತಿರುಗಿಸಿಕೊಂಡಳು.

"ಆದರೆ ಬೂದಿಯನ್ನ ಹೂಳಬೇಕು" ಎಂದರು ಫಾದರ್ ಗ್ಲೇಜಮ್ಮನ ಕಡೆ ತಿರುಗಿ. "ಗಾಳಿಗೋ ನೀರಿಗೋ ಬಿಡೋ ಹಾಗಿಲ್ಲ. ಮನೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ನೆನಪಿಗೆ ಅಂತ ಒಬ್ಬೊಬ್ಬರು ಒಂದಿಷ್ಟು ಹಂಚಿಕೊಳ್ಳೋ ಹಾಗಿಲ್ಲ. ಉಂಗುರ, ಲಾಕೆಟ್ಟು ಅಂತ ವಸ್ತು ಮಾಡಿಸೋ ಹಾಗಂತೂ ಇಲ್ಲವೇ ಇಲ್ಲ. ಮನುಷ್ಯ ಇಡಿಯಾಗಿ ಬಂದ, ಇಡಿಯಾಗಿ ಹೋಗಬೇಕು. ಅರ್ಧ ಇಲ್ಲಿ, ಅರ್ಧ ಷೋಕೇಸಿನಲ್ಲಿ ಅಂದ್ರೆ ನಾನು ಪ್ರಾರ್ಥನೆ ಹೇಳಲ್ಲ."

ಸಮಾಧಿಭೂಮಿಯ ಗೋಡೆಯ ಪಕ್ಕ ಎರಡು ಜಾಡಿ ಹಿಡಿಯುವಷ್ಟು ಜಾಗ ಕೊಡುವುದಾಗಿ ಅವರು ಹೇಳಿದರು. ಮೊದಲು ಅವನಿಗೆ, ಮುಂದೆ ಯಾವತ್ತಾದರೂ ಅವಳಿಗೆ. ಇಬ್ಬರಿಗೂ ಸೇರಿ ಒಂದೇ ಕಲ್ಲು. ಗ್ಲೇಜಮ್ಮನಿಗೆ ಸಾವಿನ ಮನೆಯಲ್ಲಿ ಯಾರು ಹೇಳಿದ ಸಮಾಧಾನವೂ ತಾಗಿರಲಿಲ್ಲ, ಇದು ತಾಗಿತು. ಆ ಎರಡು ಜಾಡಿಯ ಜಾಗವನ್ನು ಅವಳು ಮನಸ್ಸಿನಲ್ಲಿ ಆಗಲೇ ಗುಡಿಸಿ ಒರೆಸಿ ಇಟ್ಟುಕೊಂಡಳು.

ದಹನ ಮುಗಿಯಿತು, ಇನ್ನು ಜಾಡಿ ಆಗಬೇಕಿತ್ತು. ಜಾಡಿ ಮಾಡುವವನ ಬೂದಿಯನ್ನು ಅಂಗಡಿಯಿಂದ ತಂದ ಜಾಡಿಯಲ್ಲಿ ಹೂಳಿದರೆ ಜನ ಏನೆಂದುಕೊಂಡಾರು? ಮೈದುನ ಒಂದು ಎತ್ತಿದ. ಮೊದಲ ಸಲ ಸುಟ್ಟಾಗಲೇ ಅದು ಬಾಯಿಂದ ಬುಡದವರೆಗೆ ಬಿರುಕು ಬಿಟ್ಟಿತು. ಇನ್ನೊಂದು ಎತ್ತಿದ. ಅದು ಒಣಗುವವರೆಗೆ ಬೂದಿ ಮನೆಯಲ್ಲೇ, ಚಿತಾಗಾರದವರು ಕೊಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಅಡುಗೆಮನೆಯ ಕಪಾಟಿನ ಮೇಲೆ ಇತ್ತು. ಗ್ಲೇಜಮ್ಮ ಕಾಫಿ ಕುಡಿಯುವಾಗ ಅದರ ಜೊತೆ ಒಂದೆರಡು ಮಾತಾಡುತ್ತಿದ್ದಳು. ಇದನ್ನು ನೋಡಿದ ದೊಡ್ಡಕ್ಕ ನೇರ ಫಾದರ್‌ಗೆ ವರದಿ ಒಪ್ಪಿಸಿದಳು. ಫಾದರ್ ಹೇಳಿಕಳಿಸಿದರು: ಮನೆಯಲ್ಲಿ ಬೇಡ.

ಗ್ಲೇಜಮ್ಮ ಹೇಳಿದ ಮಾತು ಕೇಳುವವಳು. ಮನೆಯಲ್ಲಿ ಬೇಡ ಎಂದರೆ ಬೇಡ. ಮರುದಿನ ಬೆಳಿಗ್ಗೆ ಗಂಡನನ್ನು ಚೀಲದಲ್ಲಿಟ್ಟುಕೊಂಡು ಶೆಡ್ಡಿಗೆ ಹೋದಳು.

ಇಲ್ಲಿ ಶೆಡ್ಡಿನ ಒಂದು ಪದ್ಧತಿ ಹೇಳಬೇಕು. ಗೋಡೆಯ ಕೆಳ ಅಟ್ಟಣೆಯಲ್ಲಿ ಒಂದೇ ಥರದ ತಗಡಿನ ಡಬ್ಬಿಗಳ ಸಾಲಿದೆ. ಎಲ್ಲದರಲ್ಲೂ ಬೂದಿ. ಬೇಕರಿಗಳ ಒಲೆಯಿಂದ ಬರುವ ಸೌದೆ ಬೂದಿಯನ್ನು ತೊಳೆದು, ಒಣಗಿಸಿ, ಸಣ್ಣ ಜರಡಿಯಲ್ಲಿ ಜರಡಿ ಹಿಡಿದು ಗ್ಲೇಜಿಗೆ ಹಾಕುತ್ತಾರೆ. ಡಬ್ಬಿಯ ಮೇಲೆ ಚೀಟಿ ಅಂಟಿಸುವುದಿಲ್ಲ. ಒದ್ದೆ ಕೈ ತಾಗಿ ತಾಗಿ ಚೀಟಿ ಉಳಿಯುವುದಿಲ್ಲ. ಅದರ ಬದಲು ಮುಚ್ಚಳದ ಗುರುತು. ಮುಚ್ಚಳ ನೆಟ್ಟಗಿದ್ದರೆ ಒಳಗಿರುವುದು ಹಸಿ ಬೂದಿ, ಮುಟ್ಟಬೇಡಿ. ಮುಚ್ಚಳ ಮಗುಚಿ ಇಟ್ಟಿದ್ದರೆ ಜರಡಿ ಹಿಡಿದಾಗಿದೆ, ತಯಾರಾಗಿದೆ, ತಗೊಳ್ಳಿ. ಈ ಪದ್ಧತಿ ತಂದವನು ಸತ್ತವನೇ. ಇದರಿಂದ ಇಷ್ಟು ವರ್ಷದಲ್ಲಿ ಒಂದು ತಪ್ಪೂ ಆಗಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ.

ಗ್ಲೇಜಮ್ಮ ಪೆಟ್ಟಿಗೆ ಬಿಚ್ಚಿದಳು. ಗಂಡನಿಗೆ ಪ್ಲಾಸ್ಟಿಕ್ ಕಂಡರಾಗುತ್ತಿರಲಿಲ್ಲ. ಜಾಡಿ ಆಗುವವರೆಗಾದರೂ ತಗಡಿನಲ್ಲಿರಲಿ ಎಂದು ಖಾಲಿ ಡಬ್ಬಿಯೊಂದನ್ನು ತೊಳೆದು ಒರೆಸಿದಳು. ಸುರಿಯಲು ಹೋದರೆ ಬೂದಿ ತರಿತರಿಯಾಗಿತ್ತು. ಅವಳ ಕೈಗೆ ತರಿ ಬೂದಿ ಕಂಡು ಸುಮ್ಮನಿದ್ದು ಗೊತ್ತಿಲ್ಲ. ಗಂಡನದೇ ಸಣ್ಣ ಜರಡಿ ತೆಗೆದುಕೊಂಡಳು. ಬಾಗಿಲು ಮುಂದೆ ಮಾಡಿ, ಒಂದು ಕಣವೂ ಹೊರಗೆ ಹೋಗದ ಹಾಗೆ, ಉಳಿದ ತರಿಯನ್ನು ಒರಳಿನಲ್ಲಿ ಮೆತ್ತಗೆ ಅರೆದು, ಮತ್ತೆ ಜರಡಿ ಹಿಡಿದು ಪೂರ್ತಿ ಡಬ್ಬಿಗೆ ತುಂಬಿದಳು. ಕೆಲಸ ಮುಗಿದಾಗ ಮೂಗು ಒರೆಸಿಕೊಂಡು, ಜರಡಿ ಹಿಡಿದ ಮೇಲೆ ಪ್ರತಿ ಸಲ ಮಾಡುವಂತೆ ಮುಚ್ಚಳ ಮಗುಚಿ ಹಾಕಿ, ಡಬ್ಬಿಯನ್ನು ಅಟ್ಟಣೆಗೆ ಸೇರಿಸಿದಳು. ಕೈ ತನ್ನ ಪಾಡಿಗೆ ತಾನು ಮಾಡಿದ್ದು. ಅವಳು ನೋಡಲೂ ಇಲ್ಲ.

ಖಾಲಿ ಪ್ಲಾಸ್ಟಿಕ್ ಪೆಟ್ಟಿಗೆ ಗಟ್ಟಿಯಾಗಿತ್ತು, ಕುಂಚ ಹಾಕಿಡಲು ಆಗುತ್ತದೆ ಎಂದು ಗಂಡನ ಮೇಜಿನ ಮೇಲೆ ಬಿಟ್ಟಳು.

ಮೈದುನ ಬಂದಾಗ, "ನಿಮ್ಮಣ್ಣನನ್ನ ಶೆಡ್ಡಿಗೆ ಕರ್ಕೊಂಡು ಬಂದಿದ್ದೀನಿ" ಎಂದಳು.

"ನೋಡಿದೆ ಅತ್ತಿಗೆ" ಎಂದ ಅವನು, ಮೇಜಿನ ಕಡೆ ತಲೆಬಾಗಿ. ಅಂದಿನಿಂದ ಬೆಳಿಗ್ಗೆ ಬಂದ ಕೂಡಲೇ ಆ ಪೆಟ್ಟಿಗೆಯ ಮುಂದೆ ನಿಂತು ಶಿಲುಬೆ ಗುರುತು ಹಾಕಿಕೊಂಡು ಕೆಲಸಕ್ಕೆ ಇಳಿಯುತ್ತಿದ್ದ. ಆಮೇಲೆ ಒಂದು ದಿನ ಅಟ್ಟಣೆಯಿಂದ ಮುಚ್ಚಳ ಮಗುಚಿದ ಡಬ್ಬಿ ತೆಗೆದು ಒಂದು ಬಕೆಟ್ಟು ಗ್ಲೇಜ್ ಕಲಸಿದ.

ಗಂಡ ಕೊನೆಯದಾಗಿ ಎತ್ತಿದ ಬಟ್ಟಲು ಚರ್ಚಿಗೆ ಸೇರಬೇಕಾದದ್ದು. ಬಾಗಿಲಲ್ಲಿ ಪವಿತ್ರ ಜಲ ಇಡುವ ಬಟ್ಟಲು. ಮೊದಲಿದ್ದುದನ್ನು ಚರ್ಚಿನ ಗಂಟೆ ಹೊಡೆಯುವವನು ನೆಲ ಒರೆಸುವಾಗ ಕೋಲು ತಾಗಿಸಿ ಒಡೆದು, ಚೂರುಗಳನ್ನು ಹಿತ್ತಲಿನ ಕಸದ ರಾಶಿಗೆ ಎಸೆದಿದ್ದ. ಅಂದಿನಿಂದ ಜನ ಪ್ಲಾಸ್ಟಿಕ್ ಟಬ್ಬಿನಲ್ಲಿ ಬೆರಳದ್ದುತ್ತಿದ್ದರು. ಆ ಬಟ್ಟಲನ್ನೂ ಹೊಸ ಜಾಡಿಯನ್ನೂ ಒಂದೇ ದಿನ, ಮೈದುನ ಕಲಸಿಟ್ಟ ಒಂದೇ ಬಕೆಟ್ಟಿನಲ್ಲಿ ಗ್ಲೇಜಮ್ಮ ತನ್ನ ಕೈಯಾರೆ ಅದ್ದಿದಳು. ಹಸಿ ಗ್ಲೇಜ್ ಯಾವುದಾದರೂ ಒಂದೇ, ಕೆಸರು ಬಣ್ಣ. ಅದರ ನಿಜವಾದ ಬಣ್ಣ ಹೇಳುವುದು ಬೆಂಕಿ.

ಶನಿವಾರ ಸಂಜೆ ಆವಿಗೆ ತೆರೆದವನು ಮೈದುನ. ಮಬ್ಬು ಬೆಳಕಿನಲ್ಲಿ ಬಣ್ಣ ಗಮನಿಸದೆ ಬಟ್ಟಲನ್ನು ಹಾಗೇ ಬಟ್ಟೆಯಲ್ಲಿ ಸುತ್ತಿ ಚರ್ಚಿಗೆ ಒಯ್ದು ಕೊಟ್ಟು ಮನೆಗೆ ಹೋದ. ಫಾದರ್ ಅದಕ್ಕೆ ಆಶೀರ್ವಾದ ಮಾಡಿ, ನೀರು ತುಂಬಿ, ಬಾಗಿಲಲ್ಲಿಟ್ಟರು.

ಭಾನುವಾರ ಬೆಳಿಗ್ಗೆ ಗ್ಲೇಜಮ್ಮ ಒಳಗೆ ಹೋಗುವಾಗ ಬೆರಳು ಚಾಚಿದವಳು ಅಲ್ಲೇ ನಿಂತುಬಿಟ್ಟಳು. ಸೌದೆ ಬೂದಿಯ ಗ್ಲೇಜ್ ಜೇನಿನ ಬಣ್ಣ ಬರುತ್ತದೆ, ಅಂಚಿನಲ್ಲಿ ತುಸು ಹಸಿರು. ಇದು ಹಾಲು ಬೆರೆಸಿದ ಹಾಗಿತ್ತು. ಒಳಗೆ ದೀಪ ಇಟ್ಟಂಥ ಬಿಳುಪು. ಆ ಬಿಳುಪು ಕೊಡುವುದು ಒಂದೇ: ಮೂಳೆಯ ಬೂದಿ. ಅವರ ಶೆಡ್ಡಿನಲ್ಲಿ ಮೂಳೆ ಬೂದಿ ಯಾವತ್ತೂ ತರಿಸಿಲ್ಲ.

"ಎಷ್ಟು ಚೆನ್ನಾಗಿ ಬಂದಿದೆ ಅಲ್ವಾ" ಎಂದಳು ಹಿಂದೆ ನಿಂತಿದ್ದ ದೊಡ್ಡಕ್ಕ. "ಬೆರಳದ್ದು, ಜನ ಕಾಯ್ತಿದ್ದಾರೆ."

ಗ್ಲೇಜಮ್ಮ ಬೆರಳದ್ದಲಿಲ್ಲ. ಪೂಜೆ ಮುಗಿಯುವವರೆಗೆ ಬಾಗಿಲ ಹತ್ತಿರದ ಬೆಂಚಿನಲ್ಲೇ ಕೂತಳು. ಗಂಡನೂ ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದ. ಪ್ರವಚನ ಶುರುವಾದ ಕೂಡಲೇ ಆವಿಗೆ ನೋಡಬೇಕು ಎಂದು ಜಾರಿಕೊಳ್ಳಲು ಅನುಕೂಲ. ನೂರಾರು ಜನ ಬಂದು ಬೆರಳದ್ದಿ, ಹಣೆಗೆ ಎದೆಗೆ ಹೆಗಲಿಗೆ ಮುಟ್ಟಿಸಿಕೊಂಡು ಹೋದರು. ಅವಳು ಒಬ್ಬೊಬ್ಬರನ್ನೂ ನೋಡಿದಳು.

ಶೆಡ್ಡಿಗೆ ಹೋಗಿ ಡಬ್ಬಿ ಎತ್ತಿದರೆ ಹಗುರವಾಗಿತ್ತು. ಮೈದುನನನ್ನು ಕರೆಸಿದಳು.

"ಗ್ಲೇಜಿಗೆ ಯಾವ ಡಬ್ಬಿ ತಗೊಂಡೆ?"

"ಮಗುಚಿದ್ದು. ಇನ್ಯಾವುದು ತಗೊಳ್ಳಲಿ?"

"ಅದರಲ್ಲಿ ನಿಮ್ಮಣ್ಣ ಇದ್ರು."

ಮೈದುನ ಮೇಜಿನ ಮೇಲಿನ ಪೆಟ್ಟಿಗೆ ನೋಡಿದ. ಎದ್ದು ಹೋಗಿ ಮುಚ್ಚಳ ತೆಗೆದ. ಒಳಗೆ ನಾಲ್ಕು ಕುಂಚ ಇದ್ದವು.

"ನಾನು ದಿನಾ ಇದಕ್ಕೆ ನಮಸ್ಕಾರ ಮಾಡ್ತಿದ್ದೆ" ಎಂದ.

"ನೋಡಿದೀನಿ. ಕುಂಚಕ್ಕೆ ಯಾಕೆ ಮಾಡ್ತಾನೆ ಅಂದುಕೊಂಡೆ."

"ಕೇಳಬಾರದಿತ್ತಾ ಅತ್ತಿಗೆ?"

"ದುಃಖದಲ್ಲಿದ್ದೀಯ, ಏನಾದ್ರೂ ಮಾಡ್ಕೊಳ್ಳಲಿ ಅಂತ ಬಿಟ್ಟೆ."

ತಪ್ಪು ಯಾರದೆಂದು ಹುಡುಕಿದರೆ ಡಬ್ಬಿ ತೆಗೆದವನ ಹತ್ತಿರ ಹೋಗಿ, ಮುಚ್ಚಳ ಮಗುಚಿದವಳ ಹತ್ತಿರ ಹೋಗಿ, ಕೊನೆಗೆ ಮಗುಚುವ ಪದ್ಧತಿ ತಂದವನ ಹತ್ತಿರ ನಿಲ್ಲುತ್ತಿತ್ತು. ಅವನನ್ನು ಕೇಳುವ ಹಾಗಿರಲಿಲ್ಲ.

ಗ್ಲೇಜಮ್ಮ ಎದ್ದು ಲೆಕ್ಕ ಹಾಕಿದಳು. ಡಬ್ಬಿಯಲ್ಲಿ ಉಳಿದದ್ದು ಇದೆ. ಬಕೆಟ್ಟಿನಲ್ಲಿ ಮಿಕ್ಕ ಗ್ಲೇಜನ್ನು ಪ್ಲಾಸ್ಟರ್ ಹಲಗೆಯ ಮೇಲೆ ಸುರಿದರೆ ಹಲಗೆ ನೀರು ಹೀರಿಕೊಳ್ಳುತ್ತದೆ, ಪುಡಿ ಸಿಗುತ್ತದೆ. ಜಾಡಿಯ ಮೈಮೇಲಿರುವುದು ಜಾಡಿಯ ಜೊತೆಗೇ ಮಣ್ಣಿಗೆ ಹೋಗುತ್ತದೆ. ಆ ಬಕೆಟ್ಟಿನಲ್ಲಿ ಬೇರೆ ಯಾವ ಪಾತ್ರೆಯನ್ನೂ ಅದ್ದಿರಲಿಲ್ಲ. ಹೊರಗೆ ಉಳಿದದ್ದು ಬಟ್ಟಲು ಒಂದೇ.

"ಹಾಗಾದ್ರೆ ಬಿಡಿ ಅತ್ತಿಗೆ" ಎಂದ ಮೈದುನ. "ಅದು ಇರೋದು ಚರ್ಚಿನಲ್ಲಿ. ಅದಕ್ಕಿಂತ ಪವಿತ್ರವಾದ ಜಾಗ ಎಲ್ಲಿದೆ? ಹೇಳದಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಆ ಗಂಟೆ ಹೊಡೆಯೋನು ಮತ್ತೆ ನೆಲ ಒರೆಸ್ತಾನೆ."

ಮೈದುನನಿಗೆ ಹಿತ್ತಲಿನ ಕಸದ ರಾಶಿ ನೆನಪಾಯಿತು. ಇನ್ನೊಂದು ಅಂಥದೇ ಬಟ್ಟಲು ಮಾಡಿ ಯಾರಿಗೂ ತಿಳಿಯದ ಹಾಗೆ ಬದಲಿಸೋಣ ಎಂದ. ಬೇಕರಿಯ ಬೂದಿಯ ಗ್ಲೇಜನ್ನು ಮೊದಲು ಒಂದು ಚೂರಿಗೆ ಹಚ್ಚಿ ಸುಟ್ಟು ನೋಡಿದ ಕೂಡ, ಅದು ಜೇನಿನ ಬಣ್ಣಕ್ಕೆ ಬಂತು. ಬರದೇ ಏನು? ಆ ಬಿಳುಪು ಬರಬೇಕಾದರೆ ಮತ್ತೆ ಆ ಡಬ್ಬಿಗೇ ಕೈ ಹಾಕಬೇಕಿತ್ತು.

ವಾರವಿಡೀ ಗ್ಲೇಜಮ್ಮ ಬೆಳಿಗ್ಗೆ ಚರ್ಚಿನ ಬಾಗಿಲವರೆಗೆ ಹೋಗಿ, ಬಟ್ಟಲು ಇದ್ದಲ್ಲೇ ಇದೆಯೇ ನೋಡಿ, ಶೆಡ್ಡಿಗೆ ಬರುತ್ತಿದ್ದಳು. ಹೇಳಿದರೆ ಫಾದರ್ ಪ್ರಾರ್ಥನೆ ಇಲ್ಲ ಎನ್ನಬಹುದು, ಗೋಡೆಯ ಪಕ್ಕದ ಎರಡು ಜಾಡಿಯ ಜಾಗ ಕೈತಪ್ಪಬಹುದು. ಹೇಳದೆ ಹೂಳಿದರೆ ಕಲ್ಲಿನ ಕೆಳಗೆ ಇರುವವನು ಇಡಿಯಾಗಿರುವುದಿಲ್ಲ, ಮುಂದೆ ಅವನ ಪಕ್ಕ ಮಲಗುವವಳಿಗೆ ಅದು ಗೊತ್ತಿರುತ್ತದೆ. ಶುಕ್ರವಾರ ಗಂಟೆ ಹೊಡೆಯುವವನು ಬಕೆಟ್ಟು, ಕೋಲು ಹಿಡಿದು ಬಾಗಿಲ ಕಡೆ ಬರುವುದನ್ನು ನೋಡಿದಳು. ನೇರ ಫಾದರ್ ಕೋಣೆಗೆ ಹೋದಳು.

ಫಾದರ್ ಪೂರ್ತಿ ಕೇಳಿದರು. ನಡುವೆ ಒಂದು ಸಲ ತಮ್ಮ ಬಲಗೈ ಬೆರಳ ತುದಿ ನೋಡಿಕೊಂಡರು.

"ಹಂಚಬೇಡಿ ಅಂದಿದ್ದೆ" ಎಂದರು.

"ಹೌದು ಫಾದರ್."

"ವಸ್ತು ಮಾಡಬೇಡಿ ಅಂದಿದ್ದೆ."

"ಹೌದು ಫಾದರ್."

"ಮನೆಯಲ್ಲಿ..."

"ಮನೆಯಲ್ಲಿ ಇಟ್ಟಿಲ್ಲ ಫಾದರ್. ಅದಕ್ಕೇ ಇಷ್ಟೆಲ್ಲ ಆಗಿದ್ದು."

ಫಾದರ್ ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಸ್ವಚ್ಛವಾಗಿಯೇ ಇತ್ತು.

"ಬಕೆಟ್ಟಿನಲ್ಲಿ ಅವರ ಜೊತೆ ಬೇರೆ ಏನು ಸೇರಿದೆ?"

"ಮಣ್ಣು, ಕಲ್ಲಿನ ಪುಡಿ. ಬೇಕರಿಯ ಬೂದಿ ಸ್ವಲ್ಪ."

"ಮಣ್ಣಿಗೆ ಅಭ್ಯಂತರ ಇಲ್ಲ" ಎಂದರು ಫಾದರ್. ಬೇಕರಿಯ ಬಗ್ಗೆ ಏನೂ ಹೇಳಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋದರು. "ಬಟ್ಟಲಿಗೆ ನಾನು ಆಶೀರ್ವಾದ ಮಾಡಿಬಿಟ್ಟಿದ್ದೀನಿ. ಆಶೀರ್ವಾದ ಆದ ವಸ್ತು ಬಳಕೆಗೆ ಬೇಡ ಅಂದ್ರೆ ಕಸಕ್ಕೆ ಹಾಕೋ ಹಾಗಿಲ್ಲ. ಒಂದೋ ಸುಡಬೇಕು, ಇಲ್ಲ ಹೂಳಬೇಕು."

"ಸುಟ್ಟಾಗಿದೆ ಫಾದರ್. ಅವರನ್ನಂತೂ ಎರಡು ಸಲ. ಅಲ್ಲೊಂದು ಸಲ, ನಮ್ಮಲ್ಲೊಂದು ಸಲ."

ಫಾದರ್ ಬಹಳ ಹೊತ್ತು ಕಿಟಕಿಯ ಕಡೆಗೇ ಮುಖ ಮಾಡಿ ನಿಂತಿದ್ದರು. ಅವರ ಹೆಗಲು ಅಲುಗುತ್ತಿತ್ತು. ಕೆಮ್ಮು ಇರಬಹುದು ಎಂದುಕೊಂಡಳು ಗ್ಲೇಜಮ್ಮ. ತಿರುಗಿದಾಗ ಮುಖ ಎಂದಿನಂತೆ ಇತ್ತು.

"ಹಾಗಾದ್ರೆ ಹೂಳೋದು ಉಳೀತು. ನಾಳೆ ಬೆಳಿಗ್ಗೆ ಬಟ್ಟಲೂ ಬರಲಿ. ಡಬ್ಬಿ, ಪುಡಿ, ಜಾಡಿ, ಬಟ್ಟಲು, ಏನೂ ಬಿಡಬೇಡಿ. ಜರಡಿಯಲ್ಲಿ ಏನಾದ್ರೂ ಅಂಟಿದ್ರೆ ಅದನ್ನೂ ತೊಳೆದು ತನ್ನಿ."

"ತೊಳೆದಿದ್ದೀನಿ ಫಾದರ್. ಆ ನೀರೂ ಇಟ್ಟಿದ್ದೀನಿ."

"ಪ್ರಾರ್ಥನೆ ನಾನೇ ಹೇಳ್ತೀನಿ" ಎಂದರು ಫಾದರ್. ಗ್ಲೇಜಮ್ಮ ಕುರ್ಚಿಯ ಹಿಡಿ ಹಿಡಿದುಕೊಂಡು ಎದ್ದಳು.

ಶನಿವಾರ ಗೋಡೆಯ ಪಕ್ಕ ಐದೇ ಜನ: ಫಾದರ್, ಗ್ಲೇಜಮ್ಮ, ಮೈದುನ, ದೊಡ್ಡಕ್ಕ, ಗುಂಡಿ ತೋಡಿದ ಗಂಟೆ ಹೊಡೆಯುವವನು. ಫಾದರ್ ಬಟ್ಟಲಿನ ನೀರನ್ನು ನೆಲಕ್ಕೆ ಸುರಿದರು. ದೊಡ್ಡಕ್ಕನಿಗೆ ತಡೆಯಲಾಗಲಿಲ್ಲ.

"ಅಷ್ಟು ಒಳ್ಳೆ ಬಟ್ಟಲನ್ನ ಯಾಕೆ ಹೂಳ್ತೀರಿ?"

"ಅದರಲ್ಲೂ ಅವರಿದ್ದಾರೆ ಅಕ್ಕ" ಎಂದಳು ಗ್ಲೇಜಮ್ಮ. ಅವಳು ಆಗಿದ್ದನ್ನು ಹೇಳಿದಳು, ಯಾವುದನ್ನೂ ಬಿಡಲಿಲ್ಲ.

ದೊಡ್ಡಕ್ಕ ಕೂಗಾಡುತ್ತಾಳೆ ಎಂದು ಮೈದುನ ಎರಡು ಹೆಜ್ಜೆ ಹಿಂದೆ ಸರಿದಿದ್ದ. ದೊಡ್ಡಕ್ಕ ಬಟ್ಟಲನ್ನು ನೋಡಿದಳು. ಭಾನುವಾರದಿಂದ ದಿನಾ ಅದರಲ್ಲಿ ಬೆರಳದ್ದಿ ಹಣೆಗೆ ಮುಟ್ಟಿಸಿಕೊಂಡವಳು ಅವಳು. ಹಣೆ ಒರೆಸಿಕೊಳ್ಳಲು ಎತ್ತಿದ ಕೈಯನ್ನು ಹಾಗೇ ಇಳಿಸಿದಳು.

"ಅಂದ್ರೆ ಈ ವಾರ ಪೂರ್ತಿ ದಿನಾ ಪೂಜೆಗೆ ಬಂದಿದ್ದಾನೆ" ಎಂದಳು.

"ಬಂದಿದ್ದಾರೆ."

"ಪ್ರವಚನ ಮುಗಿಯೋವರೆಗೂ ಇದ್ದಾನೆ."

"ಇದ್ದರು."

"ಇಷ್ಟು ವರ್ಷ ಬಾಯಿ ಬಡ್ಕೊಂಡೆ" ಎಂದಳು ದೊಡ್ಡಕ್ಕ. ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಬೆಂಕಿಯ ವಿಷಯ ಮತ್ತೆ ಎತ್ತಲಿಲ್ಲ.

ಗುಂಡಿಯನ್ನು ಜಾಡಿಯ ಅಳತೆಗೆ ತೋಡಲಾಗಿತ್ತು. ಡಬ್ಬಿಯ ಬೂದಿ, ಹಲಗೆಯಿಂದ ಕೆರೆದ ಪುಡಿ, ಎಲ್ಲವೂ ಜಾಡಿಯೊಳಗೆ ಸೇರಿದವು. ಜರಡಿ ತೊಳೆದ ನೀರನ್ನು ಗುಂಡಿಯ ತಳಕ್ಕೆ ಚೆಲ್ಲಿ ಜಾಡಿಯನ್ನು ಇಳಿಸಿದರು. ಬಟ್ಟಲಿಗೆ ಪಕ್ಕದಲ್ಲಿ ಜಾಗ ಇರಲಿಲ್ಲ. ಉಳಿದ ಜಾಗ ಗ್ಲೇಜಮ್ಮನದು, ಅದನ್ನು ಅಗೆಯಲು ಫಾದರ್ ಬಿಡಲಿಲ್ಲ. ಒಡೆದು ಹಾಕಲೇ ಎಂದ ಗಂಟೆ ಹೊಡೆಯುವವನು. ಅವನಿಗೆ ಅದು ಅಭ್ಯಾಸ.

"ಮುಟ್ಟಬೇಡ" ಎಂದರು ನಾಲ್ವರೂ ಒಟ್ಟಿಗೆ.

ಗ್ಲೇಜಮ್ಮ ಮೊಣಕಾಲೂರಿ ಕೂತಳು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಬೋರಲು ಮಾಡಿ, ಜಾಡಿಯ ಬಾಯಿಯ ಮೇಲಿಟ್ಟಳು. ಅಣ್ಣ ಎತ್ತಿದ ಬಟ್ಟಲು, ತಮ್ಮ ಎತ್ತಿದ ಜಾಡಿ. ಇಬ್ಬರೂ ಕಲಿತದ್ದು ಒಂದೇ ತಿಗರಿಯಲ್ಲಿ. ತುಸು ತಿರುಗಿಸಿದಾಗ ಕೂತಿತು.

ಮೈದುನ ಬಗ್ಗಿ ನೋಡಿದ.

"ಅತ್ತಿಗೆ, ಮಗುಚಿ ಇಟ್ಟಿದ್ದೀರಿ."

"ಗೊತ್ತು" ಎಂದಳು ಗ್ಲೇಜಮ್ಮ. "ಈ ಸಲ ನೋಡಿಕೊಂಡೇ ಇಟ್ಟೆ. ತಯಾರಾಗಿದ್ದಾರೆ."

ಫಾದರ್‌ಗೆ ಆ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಪುಸ್ತಕ ತೆರೆದು ಪ್ರಾರ್ಥನೆ ಶುರು ಮಾಡಿದರು.

ಮರುದಿನ ಚರ್ಚಿನ ಬಾಗಿಲಲ್ಲಿ ಮತ್ತೆ ಪ್ಲಾಸ್ಟಿಕ್ ಟಬ್ಬು. ಅಷ್ಟು ಚೆಂದದ ಬಟ್ಟಲು ಎಲ್ಲಿ ಹೋಯಿತು ಎಂದು ಬಂದವರೆಲ್ಲ ಕೇಳಿದರು. ಫಾದರ್ ಸುಳ್ಳು ಹೇಳುವವರಲ್ಲ.

"ಮಾಡಿದವರೇ ವಾಪಸ್ ತಗೊಂಡ್ರು" ಎಂದರು.